ಕೂಗಿದವಳು ನಾನಲ್ಲ

ಮೂರು ದೀಪಾವಳಿಗಳಿಂದ ಒಬ್ಬ ಅಪರಿಚಿತ ಹೆಂಗಸಿನ ಕೂಗನ್ನು ನನ್ನದೆಂದು ಇಟ್ಟುಕೊಂಡಿದ್ದೆ. ನನ್ನದೆಂದು ನಾನೇ ಬಾಯಿಬಿಟ್ಟು ಹೇಳಲಿಲ್ಲ ನಿಜ — ಬೇರೆಯವರು ಹೇಳಿದರು, ನಾನು ಅಲ್ಲವೆನ್ನಲಿಲ್ಲ. ಆ ಕೂಗಿನಿಂದ ನನ್ನ ಅಣ್ಣನ ಜೀವ ಉಳಿಯಿತು. ತಂಗಿಯೇ ಕೂಗಿದಳೆಂದು ಅವನು ನಂಬಿದ. ನಂಬಿ, ಖಾನಾಪುರದ ಅರ್ಧ ಪೇಟೆಗೆ ಹೇಳಿಕೊಂಡು ಬಂದ. ನಾನು ಆ ದಿನ ಕೂಗಿರಲಿಲ್ಲ. ಬಾಯಿ ತೆರೆದಿದ್ದೆ, ಅಷ್ಟೇ. ಧ್ವನಿ —

ಮೊದಲಿನಿಂದ ಹೇಳುತ್ತೇನೆ.

ಅಣ್ಣ ಹುಟ್ಟಿದಾಗ ಮನೆಯವರು ಹೆಣ್ಣು ಎಂದರು, ಹೆಣ್ಣಿನ ಹೆಸರಿಟ್ಟರು. ನಾನು ಅವನಿಗಿಂತ ಚಿಕ್ಕವಳು, ಅಕ್ಕ ಎಂದು ಕರೆಯುತ್ತ ಬೆಳೆದೆ. ಆ ಹಳೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದನ್ನೆಲ್ಲ ಬರೆಯಲೇ ಎಂದು ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಬರಿ. ನನ್ನ ಹಳೇ ಹೆಸರು ಹಾಕಬ್ಯಾಡ. ಗಂಗಿ ಹೆಸರು ಮಾತ್ರ ಖರೇದಽ ಹಾಕು, ಅಕೀದೇನ ಮುಚ್ಚುಮರಿ ಇಲ್ಲ." ತನಗೆ ತಾನೇ ಇಟ್ಟುಕೊಂಡ ಹೆಸರು ಮಹಾಂತೇಶ; ಮಂದಿಯ ಬಾಯಲ್ಲಿ ಮಾಂತೇಶ. ಗಂಗಿ ನಮ್ಮ ಎಮ್ಮೆ.

ಬೆಳಗಾವಿಯ ಹಳೆಯ ಗಲ್ಲಿಯೊಂದರಲ್ಲಿ ಎಮ್ಮೆ ಕಟ್ಟಿ ಹಾಲು ಮಾರುವ ಮನೆತನ ನಮ್ಮದು. ಗಂಗಿಯನ್ನು ಕರುವಾಗಿನಿಂದ ಸಾಕಿದವನು ಅಣ್ಣ. ಅವನ ಕೈಗಲ್ಲದೆ ಬೇರೆ ಯಾರ ಕೈಗೂ ಅವಳು ಹಾಲು ಬಿಡುತ್ತಿರಲಿಲ್ಲ. ನಾನು ಕಾಲೇಜಿಗೆ ಹೋದೆ, ಸಮಾಜಶಾಸ್ತ್ರ ಓದಿದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ಸೆಮಿನಾರಿನಲ್ಲಿ ಪ್ರಬಂಧ ಓದಿ ಚಪ್ಪಾಳೆ ಗಿಟ್ಟಿಸಿಕೊಂಡೆ. ಅಂದು ಸಂಜೆ ಮನೆಗೆ ಬಂದಾಗ ಅವನು ಗಂಗಿಯ ಮೈ ತೊಳೆಯುತ್ತಿದ್ದ. ಪ್ರಬಂಧದಲ್ಲಿ ಏನಿತ್ತೆಂದು ಕೇಳಿದ. ಹೇಳಿದೆ. ಅವನು ಅವಳ ಬೆನ್ನನ್ನು ಉಜ್ಜಿದಲ್ಲೇ ಉಜ್ಜುತ್ತ ನಿಂತು, "ಹಂಗಾರ ನಿನಗ ಹೇಳಬಹುದು" ಅಂದ. ಹೇಳಿದ. ನಾನು ಅವನನ್ನು ತಬ್ಬಿಕೊಂಡೆ, ಅತ್ತೆ, ಆಡಬೇಕಾದ ಮಾತುಗಳನ್ನೆಲ್ಲ ಆಡಿದೆ.

"ಇನ್ನ ಮ್ಯಾಲೆ ಅಣ್ಣಾ ಅಂತಿ?" ಎಂದು ಕೇಳಿದ.

"ಅಂತೀನಿ" ಅಂದೆ.

ಅನ್ನಲಿಲ್ಲ. ಅಕ್ಕ ಎನ್ನುವುದನ್ನು ಬಿಟ್ಟೆ. ಅಣ್ಣ ಎನ್ನುವುದನ್ನು ಹಿಡಿಯಲಿಲ್ಲ. "ಏಯ್", "ಇಲ್ಲಿ ಕೇಳು", "ಊಟಕ್ಕ ಬಾ" — ಇಷ್ಟರಲ್ಲೇ ದಿನ ದೂಡಿದೆ. ಪ್ರಬಂಧದ ದೊಡ್ಡ ದೊಡ್ಡ ಶಬ್ದಗಳನ್ನು ತಡವರಿಸದೆ ಓದಿದ ನಾಲಿಗೆ, ಗಲ್ಲಿಯಲ್ಲಿ ನಾಲ್ಕು ಮಂದಿ ಕೇಳುವ ಹಾಗೆ ಒಂದು ಸಣ್ಣ ಮಾತು ಅನ್ನಲು ಹಿಂಜರಿಯಿತು.

ಅಪ್ಪನಿಗೆ ಅವನೇ ಹೇಳಿದ. ಅಪ್ಪ ಕೂಗಾಡಲಿಲ್ಲ. "ಹೊಸ್ತಲಾ ದಾಟು" ಅಂದ, ಅಷ್ಟೇ. ಅಣ್ಣ ದಾಟಿದ. ಖಾನಾಪುರದಲ್ಲಿ ಹಿಡಿದ ಮೊದಲ ಖೋಲಿಯನ್ನು ತಿಂಗಳು ತುಂಬುವ ಮೊದಲೇ ಬಿಡಿಸಿದರು. ಎರಡನೆಯದರ ಯಜಮಾನ ಆಧಾರ್ ಕಾರ್ಡ್ ನೋಡಿ ಮುಂಗಡವನ್ನು ಕೈಗೆ ಮುಟ್ಟಲೂ ಒಪ್ಪಲಿಲ್ಲ. ಕೊನೆಗೆ ಮುಚ್ಚಿಹೋದ ಹಂಚಿನ ಕಾರ್ಖಾನೆಯೊಂದರ ಹಿಂದೆ, ಮರಾಠಿ ಮಾತಾಡುವ ಒಬ್ಬ ಮುದುಕಿಯ ಹಿತ್ತಲಲ್ಲಿ ಜಾಗ ಸಿಕ್ಕಿತು. ಅವರನ್ನು ಅವನು ಆಯಿ ಅನ್ನುತ್ತಾನೆ. ಅವರಿಗೆ ಅವನ ವಿಷಯ ತಿಳಿದಿತ್ತು. "ಮಾಝ್ಯಾ ಘರಾತ್ ಗಡೀ ಮಾಣೂಸ್ ನಾಹೀ, ತೂ ರಾಹಾ" ಎಂದರಂತೆ — ನನ್ನ ಮನೆಯಲ್ಲಿ ಗಂಡಾಳಿಲ್ಲ, ನೀನಿರು ಎಂದು. ಅದನ್ನು ಅಣ್ಣ ನನಗೆ ಫೋನಿನಲ್ಲಿ ಎಷ್ಟು ಸಲ ಹೇಳಿದನೋ.

ಇತ್ತ ಮನೆಯಲ್ಲಿ ಗಂಗಿ ಹಾಲು ಬಿಡಲಿಲ್ಲ. ಹಿಂಡುವವರು ಊರಲ್ಲಿಲ್ಲದಾಗ ಅವರ ಬಟ್ಟೆ ಹಾಕಿಕೊಂಡು ಹಿಂಡುವುದು ನಮ್ಮವರ ಹಳೆಯ ಉಪಾಯ; ವಾಸನೆಗೆ ಎಮ್ಮೆ ಮೋಸಹೋಗುತ್ತದೆ. ಅಪ್ಪ ಅಣ್ಣನ ಕಪಾಟು ತೆಗೆದು ಗುಲಾಬಿ ಬಣ್ಣದ ಒಂದು ಓಢಣಿ ಹುಡುಕಿದ. ಗಂಡಸಿನ ಅಂಗಿ ಹಾಕಿತೆಂದು ಹೆತ್ತ ಕೂಸನ್ನು ಹೊರಗೆ ಹಾಕಿದ ನಮ್ಮಪ್ಪ, ತಲೆ ತುಂಬ ಗುಲಾಬಿ ಓಢಣಿ ಹೊದ್ದು, ಮೀಸೆಯನ್ನೂ ಮುಚ್ಚಿಕೊಂಡು ಎಮ್ಮೆಯ ಕೆಳಗೆ ಕುಳಿತ. ಗಂಗಿ ಒಮ್ಮೆ ಮೂಸಿದಳು. ಬಕೀಟು ಗೋಡೆಗೆ ಹೋಗಿ ಬಿತ್ತು.

ಒಲೆಯ ಮುಂದಿದ್ದ ಅವ್ವ ಆಗ ತಿರುಗದೆಯೇ ಹೇಳಿದಳು: "ಓಢಣಿ ಹಾಕ್ಕೊಂಡು ಎಂದ ಹಿಂಡೈತಿ ಅದು? ನಿಮ್ಮ ಹಳೇ ಖಾಕಿ ಅಂಗಿ ಹಾಕ್ಕೊಂಡಽ ಹಿಂಡತಿತ್ತು. ಅದನ್ನ ಕೂಡ ಒಯ್ದೈತಿ."

ಅಪ್ಪ ಓಢಣಿ ತೆಗೆದು ಮಡಚಿದ. ಮಡಚುತ್ತಲೇ ಇದ್ದ. ವಾರ ಕಳೆಯುವುದರೊಳಗೆ ಟೆಂಪೋ ತರಿಸಿ ನನಗೆ ಅಂದ, "ಎಮ್ಮಿ ಅಲ್ಲೆ ಬಿಟ್ಟು ಬಾ. ಮನಿಗೆ ಮಾತ್ರ ಬರೋದು ಬ್ಯಾಡ ಅಂತ ಹೇಳು." ಗಂಗಿಯ ಹಗ್ಗ ಹಿಡಿದು ಟೆಂಪೋದಲ್ಲಿ ನಿಂತು ನಾನೇ ಖಾನಾಪುರಕ್ಕೆ ಹೋದೆ. ಅಣ್ಣ ಖಾಕಿ ಅಂಗಿಯಲ್ಲಿ ಹಿತ್ತಲ ಬಾಗಿಲಿಗೆ ಬಂದಿದ್ದ. ಹಾರ್ಮೋನ್ ಔಷಧ ಶುರುವಾಗಿತ್ತು, ಧ್ವನಿ ಒಡೆದು ದಪ್ಪವಾಗಿತ್ತು. ಅವನು ಹೆದರಿದ್ದನೆಂದು ನನಗೆ ಗೊತ್ತಾಯಿತು — ನನಗಲ್ಲ, ಗಂಗಿಗೆ. ಈ ಧ್ವನಿ ಅವಳಿಗೆ ಗುರುತು ಸಿಗದಿದ್ದರೆ? "ಬಾ ಗಂಗೀ" ಅಂದ. ಹಲಗೆ ಇಳಿಸುವ ತನಕವೂ ಕಾಯದೆ ಅವಳು ಜಿಗಿದೇಬಿಟ್ಟಳು. ಅವಳ ಕುತ್ತಿಗೆಗೆ ಮುಖವಿಟ್ಟು ಅವನು ನಗುತ್ತಿದ್ದ. "ನೋಡಿದ್ಯಾ, ಡಾಕ್ಟರ್‌ಕಿಂತ ಮೊದಲ ಇಕೀನಽ ನನ್ನ ಪಾಸ್ ಮಾಡಿದ್ಲು."

ಆ ವರ್ಷ ಅವನಿಗೆ ಸುಲಭದ್ದಾಗಿರಲಿಲ್ಲ. ವಿಷಯ ತಿಳಿದ ಮನೆಗಳು ಹಾಲು ನಿಲ್ಲಿಸಿದವು. ಆಸ್ಪತ್ರೆಗೆ ಹೋಗಿಬರುವ ದಿನ ಹಿಂಡುವವರಿಲ್ಲದೆ ಗಂಗಿ ಕೆಚ್ಚಲು ಬಿಗಿದು ಒದರುತ್ತಿದ್ದಳು. ಆದರೂ ಅವನ ಫೋನು ಬರುತ್ತಿದ್ದದ್ದು ಯಾವಾಗಲೂ ಏನಾದರೊಂದು ಖುಷಿಗೆ. ಒಮ್ಮೆ ಹಜಾಮನ ಅಂಗಡಿಯ ಕುರ್ಚಿಯಿಂದಲೇ ಮಾಡಿದ, ಪಿಸುಮಾತಿನಲ್ಲಿ: "ಮೀಸಿ ಇಡ್ಲ್ಯೋ ತಗೀಲ್ಯೋ ಅಂತ ಕೇಳ್ಯಾನ." ಮೀಸೆಯೆಂದರೆ ತುಟಿಯ ಮೇಲೆ ಹೊಗೆ ಹಿಡಿದಷ್ಟು. "ಏನಂದಿ?" ಎಂದೆ. "ಇಡಪಾ ಅಂದೆ. ಮತ್ತ ಮುಂದಿನ ಆಯ್ತವಾರ ಬಂದ್ರ ಮತ್ತ ಕೇಳ್ತಾನಲ್ಲ." ಇನ್ನೊಮ್ಮೆ, ಬಸ್ಸಿನಲ್ಲಿ ಕಂಡಕ್ಟರು ಹೆಂಗಸರ ಸೀಟಿನಿಂದ ಏಳಿಸಿದನೆಂದು. "ಏಳ್ರಿ ಗಂಡಸ್ರು ಅಂತ ಬೈದ್ನವ್ವಾ" ಅಂದ, ಪ್ರಶಸ್ತಿ ಬಂದವನ ಹಾಗೆ. ಬೆಳಗಾವಿ ಪಕ್ಕದ ಮಚ್ಛೆಯಲ್ಲಿ ಕಾರ್ಖಾನೆಯೊಂದರ ಆಫೀಸಿನಲ್ಲಿ ಕುಳಿತು ಇದನ್ನೆಲ್ಲ ಕೇಳುತ್ತಿದ್ದೆ. ನಗುತ್ತಿದ್ದೆ. ಫೋನಿಡುವಾಗ "ಫೋನ್ ಇಡಲಿ?" ಎಂದಷ್ಟೇ ಅನ್ನುತ್ತಿದ್ದೆ. ಅಣ್ಣಾ ಎಂಬ ಒಂದು ಮಾತಿಗಾಗಿ ಅವನು ಒಂದು ಗಳಿಗೆ ಕಾಯುತ್ತಿದ್ದ — ಕಾಯುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

ದೀಪಾವಳಿಯ ಪಾಡ್ಯದ ದಿನ ನಮ್ಮ ಗಲ್ಲಿಗಳಲ್ಲಿ ಎಮ್ಮೆ ಓಡಿಸುತ್ತಾರೆ. ಮೈ ತೊಳೆದು ಎಣ್ಣೆ ಹಚ್ಚಿ, ಕೋಡಿಗೆ ಬಣ್ಣ ಬಳಿದು, ನವಿಲುಗರಿ ಕಟ್ಟಿ, ಕೊರಳಿಗೆ ಕವಡೆ ಸರ ಹಾಕುತ್ತಾರೆ. ಯಜಮಾನ ಸೈಲೆನ್ಸರ್ ಬಿಚ್ಚಿದ ಮೋಟಾರ್‌ಸೈಕಲ್ ಮೇಲೆ ಮುಂದೆ ಹೋದರೆ, ಆ ಗದ್ದಲಕ್ಕೆ ಬೆದರದೆ ಅವನ ಬೆನ್ನು ಹಿಡಿದು ಎಮ್ಮೆ ಓಡಬೇಕು. ಓಡಿಸುವುದು ಗಂಡಸರ ಕೆಲಸ, ಕಟ್ಟೆಯ ಮೇಲೆ ನಿಂತು ನೋಡುವುದು ಹೆಂಗಸರದು. ಅಣ್ಣ ಚಿಕ್ಕಂದಿನಿಂದ ಎಮ್ಮೆ ಸಿಂಗರಿಸಿ ಅಪ್ಪನ ಕೈಗೆ ಕೊಟ್ಟು, ಕಟ್ಟೆ ಹತ್ತಿ ನನ್ನ ಪಕ್ಕ ನಿಲ್ಲುತ್ತಿದ್ದ. ಓಟ ಮುಗಿಯುವವರೆಗೆ ನನ್ನ ಕೈ ಹಿಂಡುತ್ತಿದ್ದ.

ಗಂಗಿ ಹೋದ ಮೇಲಿನ ದೀಪಾವಳಿಗೆ ಗಲ್ಲಿಯ ಹಿರಿಯರು ಅಪ್ಪನನ್ನು ಕೆಣಕಿದರು. "ಏನಪಾ, ಗಂಗೀನ ಮದಿವಿ ಮಾಡಿ ಕೊಟ್ಯೇನ?" ಮರುದಿನ ಅವ್ವ ಅಣ್ಣನಿಗೆ ಫೋನು ಮಾಡಿದಳು, ಅಪ್ಪನ ಎದುರೇ: "ಪಾಡ್ಯಕ್ಕ ಎಮ್ಮಿ ತಗೊಂಡು ಬಾ." ಅಪ್ಪ ಎದ್ದು ಹೊರಗೆ ಹೋದ. ಬೇಡವೆನ್ನಲಿಲ್ಲ.

ಅವನು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಆಯಿಯ ತೀರಿಹೋದ ಗಂಡನ ಹಳೆಯ ಬೈಕು. ಗಲ್ಲಿ ಪಿಸುಗುಟ್ಟಿತು, ಕೆಲವರು ನಕ್ಕರು. ಆಮೇಲೆ ಗಂಗಿ ಓಡಿದಳು. ಅವಳ ಓಟ ನೋಡಿದ ಮೇಲೆ ನಗುವವರೂ ಶಿಳ್ಳೆ ಹಾಕಿದರು. ಅಪ್ಪ ಹೊಸ್ತಿಲ ಒಳಗೆ, ಬೆನ್ನು ತಿರುಗಿಸಿ ಕುಳಿತಿದ್ದ. ನಾನು ಕಟ್ಟೆಯ ಮೇಲೆ. ನನ್ನ ಭುಜಕ್ಕೆ ಭುಜ ತಾಗಿಸಿ, ಯಾವುದೋ ಹಳ್ಳಿಯಿಂದ ಹಬ್ಬ ನೋಡಲು ಬಂದ ಒಬ್ಬ ಹೆಂಗಸು ಕಂಕುಳಲ್ಲಿ ಕೂಸು ಇಟ್ಟುಕೊಂಡು ನಿಂತಿದ್ದಳು. ಹಳದಿ ಸೀರೆ. ಅವಳನ್ನು ನಾನು ಹಿಂದೆ ನೋಡಿದ್ದಿಲ್ಲ, ಮುಂದೆಯೂ ನೋಡಲಿಲ್ಲ.

ನಮ್ಮ ಮನೆಯ ಎದುರೇ ಒಂದು ಸಂದಿ ಇದೆ. ಅದರ ಬಾಯಲ್ಲಿ ಗಂಗಿಯ ಕವಡೆ ಸರ ಜಾರಿ ಮೊಣಕಾಲಿಗೆ ಬಂತು. ಅಣ್ಣ ಬೈಕು ನಿಲ್ಲಿಸಿ, ಅವಳ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಸರ ಬಿಗಿಯತೊಡಗಿದ. ಅವನ ಬೆನ್ನು ಸಂದಿಗಿತ್ತು. ಒಳಗೆಲ್ಲೋ ಯಾರೋ ಪಟಾಕಿಯ ಸರಕ್ಕೆ ಬೆಂಕಿ ಕೊಟ್ಟರು. ಹಗ್ಗ ಹರಿದುಕೊಂಡು ಇನ್ನೊಂದು ಎಮ್ಮೆ ಸಂದಿಯುದ್ದಕ್ಕೂ ನುಗ್ಗಿ ಬಂತು — ತಲೆ ಕೆಳಗೆ ಮಾಡಿ, ಕೆಂಪು ಬಳಿದ ಕೋಡು ಮುಂದೆ ಮಾಡಿ. ಹಲಗೆ ಬಾರಿಸುವ ಸದ್ದು, ಶಿಳ್ಳೆ. ಎಲ್ಲರೂ ಗಂಗಿಯನ್ನು ನೋಡುತ್ತಿದ್ದರು. ಮೊದಲು ಕಂಡದ್ದು ನನಗೆ. ಅದು ಖಂಡಿತ ನನಗೇ.

ಈಗಲೂ ಅದು ಬರುತ್ತದೆ. ಆಫೀಸಿನಲ್ಲಿ, ಬಸ್ಸಿನಲ್ಲಿ, ಹಲ್ಲು ಉಜ್ಜುವಾಗ. ಕೆಂಪು ಕೋಡು, ಬಿಳಿ ಅಂಗಿ, ನಡುವೆ ಇಷ್ಟೇ ಜಾಗ. ಬಾಯಿ ತೆರೆದೆ. ಅಕ್ಕಾ ಎನ್ನುವುದು ಗಂಟಲಿಗೆ ತಾನಾಗಿ ಬಂತು. ಅಷ್ಟು ಗಂಡಸರ ಮುಂದೆ ಹಾಗೆ ಕೂಗಿದರೆ ಅವನ ಮಾನ ಹೋಗುತ್ತದೆಂದು ತಡೆದೆ — ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು ಈ ಮಾತು. ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಅಣ್ಣಾ ಎನ್ನಬಹುದಿತ್ತಲ್ಲ? ಆ ಕ್ಷಣದಲ್ಲೂ — ಸಾವು ಅಷ್ಟು ಹತ್ತಿರವಿದ್ದಾಗಲೂ — ಗಲ್ಲಿಯ ಮಂದಿ ತಿರುಗಿ ನನ್ನನ್ನು ನೋಡುತ್ತಾರೆ, ನಾಳೆ ನೀರು ತುಂಬುವಲ್ಲಿ ಆಡಿಕೊಳ್ಳುತ್ತಾರೆ ಎಂಬುದು ನನಗೆ ಹೊಳೆಯಿತು. ಹೊಳೆಯಲು ಸಮಯವಿತ್ತು. ನನಗೆ ನಾಚಿಕೆಯಾಯಿತು. ಹೆದರಿಕೆಯಿಂದಲ್ಲ, ನಾಚಿಕೆಯಿಂದ ನನ್ನ ಧ್ವನಿ ನಿಂತಿತು. ಇದನ್ನೇ ನಾನು ಬಚ್ಚಿಟ್ಟದ್ದು.

"ಅಣ್ಣಾ, ಹಿಂದ ನೋಡು!"

ಪಕ್ಕದ ಹೆಂಗಸು. ಕಿವಿ ತೂತಾಗುವಂಥ ಕೂಗು.

ಅಣ್ಣ ತಿರುಗಿದ, ಪಕ್ಕಕ್ಕೆ ಹಾರಿದ. ಕೋಡು ಅವನ ಅಂಗಿಯನ್ನು ಹೆಗಲಿಂದ ಸೊಂಟದವರೆಗೆ ಸೀಳಿಕೊಂಡು ಹೋಯಿತು. ಬೈಕು ಹೊರಳಿ ಚರಂಡಿಗೆ ಬಿತ್ತು. ಮಂದಿ ಓಡಿಬಂದಾಗ ಅವನು ಕೈಮೇಲೆ ಬಿದ್ದಿದ್ದ, ಮಣಿಕಟ್ಟು ತಿರುಚಿತ್ತು. ಹರಿದ ಅಂಗಿಯೊಳಗೆ ಎದೆಗೆ ಬಿಗಿದು ಕಟ್ಟಿದ ಬಟ್ಟೆ ಕಾಣುತ್ತಿತ್ತು. ಎಲ್ಲರ ಕಣ್ಣು ಅಲ್ಲಿ. ಆಗ ಗುಂಪನ್ನು ಸೀಳಿಕೊಂಡು ಅಪ್ಪ ಬಂದ, ಹೆಗಲ ಟಾವೆಲ್ ತೆಗೆದು ಅವನಿಗೆ ಹೊದಿಸಿದ. ಸುತ್ತ ನೋಡಿ ಹೇಳಿದ: "ತಂಗಿ ಅಣ್ಣಾ ಅಂತ ಒದರಿದ್ಲು, ಅದಕ್ಕ ಉಳದಾ ನನ್ನ ಮಗಾ. ಏನ್ ನೋಡ್ತೀರಿ? ದಾರಿ ಬಿಡ್ರಿ." ಆಮೇಲೆ ಅವನಿಗೆ, "ಏಳು. ಗಂಗೀನ ಅರ್ಧಕ್ಕ ನಿಂದ್ರಿಸಬಾರ್ದು."

ಅಪ್ಪ ಬೆನ್ನು ತಿರುಗಿಸಿ ಕುಳಿತಿದ್ದ, ಕಟ್ಟೆಯ ಕಡೆಯಿಂದ ಹೆಣ್ಣುಧ್ವನಿ ಕೇಳಿದ್ದ, ನನ್ನದೆಂದುಕೊಂಡ. ಅಣ್ಣನೂ ಅಷ್ಟೇ. ಹಳದಿ ಸೀರೆಯವಳು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿ, "ಉಳದ ನೋಡವ್ವಾ, ದೇವರು ದೊಡ್ಡಾಂವ" ಎಂದು ನನಗೇ ಹೇಳಿ, ಕೂಸಿಗೆ ಗಿರಗಿಟ್ಲೆ ಕೊಡಿಸಲು ಹೋದಳು. ತಿರುಚಿದ ಕೈ ಎದೆಗೊತ್ತಿಕೊಂಡು ಅಣ್ಣ ಗಲ್ಲಿಯ ತುದಿಯವರೆಗೆ ನಡೆದ. ಗಂಗಿ ಅವನ ಹಿಂದೆ ನಡೆದಳು, ಒಂದು ಹೆಜ್ಜೆಯೂ ಮುಂದೆ ಹೋಗದೆ.

ಮರುದಿನ ಭಾವಬಿದಿಗೆ. ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಎತ್ತುವ ಹಬ್ಬ; ಗಂಡುಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಎಂದೂ ಆಗಿರಲಿಲ್ಲ. ಅವ್ವ ಮಣೆ ಹಾಕಿದಳು. ಕೈಗೆ ಬಿಳಿ ಪಟ್ಟಿ ಸುತ್ತಿಸಿಕೊಂಡ ಅಣ್ಣ ತಲೆಗೆ ಅಪ್ಪನ ಟೊಪ್ಪಿಗೆ ಇಟ್ಟುಕೊಂಡು ಕುಳಿತ. ನಾನು ಕುಂಕುಮ ಹಚ್ಚಿದೆ. ತಟ್ಟೆಗೆ ಹಾಕಲು ಅವನ ಬಳಿ ಏನೂ ಇರಲಿಲ್ಲ. ಮಣೆಯ ಮೇಲೆ ಕುಳ್ಳಿರಿಸುತ್ತಾರೆಂದು ಅವನು ಎಣಿಸಿರಲಿಲ್ಲ. ಹರಿದುಹೋಗಿದ್ದ ಗಂಗಿಯ ಕವಡೆಗಳನ್ನು ಜೇಬಿನಿಂದ ತೆಗೆದು ಹಾಕಿದ.

"ನಿನ್ನೆ ನೀ ಒದರಿದ್ಯಲ್ಲ, ಅದಕ್ಕ ಇವತ್ತ ಇಲ್ಲಿ ಕುಂತೀನಿ" ಅಂದ. "ಅದೂ ಅಣ್ಣಾ ಅಂತ."

ಅದು ಹೇಳುವ ಹೊತ್ತು. ತಟ್ಟೆ ಕೈಯಲ್ಲಿತ್ತು. ನಾನು ನಕ್ಕೆ. "ಹೂಂ ಅಣ್ಣಾ" ಅಂದೆ — ಜೀವನದಲ್ಲಿ ಮೊದಲ ಸಲ, ಒಂದು ಸುಳ್ಳನ್ನು ಮುಚ್ಚಲು. ನಿಜ ಹೇಳಿದ್ದರೆ ಅಪ್ಪ ಎಲ್ಲರೆದುರು ಆಡಿದ "ನನ್ನ ಮಗಾ" ಎಂಬ ಮಾತೂ ಅಲುಗಬಹುದಿತ್ತು, ನಿಜ. ಆದರೆ ನಾನು ಸುಮ್ಮನಿದ್ದದ್ದು ಅದಕ್ಕಲ್ಲ. ಅವನ ಕಣ್ಣಲ್ಲಿ ನಾನು ಚೆನ್ನಾಗಿ ಕಾಣುತ್ತಿದ್ದೆ, ಅದಕ್ಕೆ.

ಆಮೇಲೆ ಅಣ್ಣಾ ಎನ್ನುವುದು ರೂಢಿಯಾಯಿತು. ಫೋನಿನಲ್ಲಿ, ಪೇಟೆಯಲ್ಲಿ, ಗಲ್ಲಿಯಲ್ಲಿ. ಯಾರೂ ತಿರುಗಿ ನೋಡಲಿಲ್ಲ — ನಾನು ಹೆದರಿದ್ದು ಇಷ್ಟಕ್ಕೇ. ಕವಡೆಗಳನ್ನು ಆಫೀಸಿನ ಮೇಜಿನ ಖಾನೆಯಲ್ಲಿಟ್ಟಿದ್ದೆ. ಎಳೆದಾಗಲೆಲ್ಲ ಸದ್ದು ಮಾಡುತ್ತಿದ್ದವು. ಅವನು ಹಜಾಮನಿಗೆ, ಚಹದಂಗಡಿಯವನಿಗೆ, ಮತ್ತೆ ಹಾಲು ಶುರುಮಾಡಿದ ಮನೆಗಳಿಗೆ ಕಥೆ ಹೇಳುತ್ತಿದ್ದ. ನಾನು ಎದುರಿಗಿದ್ದರೆ, "ಇಕೀನಽ ನೋಡ್ರಿ" ಎಂದು ನನ್ನತ್ತ ಕೈ ಮಾಡುತ್ತಿದ್ದ. ಮುಂದಿನ ಎರಡು ವರ್ಷದ ಪಾಡ್ಯಕ್ಕೂ ಗಂಗಿಯನ್ನು ಓಡಿಸಿದ. ನಾನು ಓಟ ನೋಡಲಿಲ್ಲ. ಸಂದಿಯನ್ನೇ ನೋಡುತ್ತ ನಿಂತಿದ್ದೆ.

ಈ ವರ್ಷ ಗಂಗಿ ಈದಿದ್ದಳು. ಓಟವಿಲ್ಲ. ಭಾವಬಿದಿಗೆಯ ಬೆಳಿಗ್ಗೆ ನಾನೇ ಆರತಿ ತಟ್ಟೆ ಕಟ್ಟಿಕೊಂಡು ಖಾನಾಪುರದ ಬಸ್ಸು ಹತ್ತಿದೆ. ಕವಡೆಗಳೂ ಚೀಲದಲ್ಲಿದ್ದವು. ಕೊಟ್ಟಿಗೆಯ ಮುಂದೆ ಆಯಿ ಮಣೆ ಹಾಕಿಟ್ಟಿದ್ದರು. ಅಣ್ಣ ಮೀಸೆ ತಿದ್ದಿಸಿಕೊಂಡು ಬಂದಿದ್ದ. ಈಗ ಅದು ತಿದ್ದಿಸುವಂಥ ಮೀಸೆ. ನಾನು ದೀಪ ಹಚ್ಚಿದೆ. ತಟ್ಟೆಯನ್ನು ಎತ್ತಲಿಲ್ಲ, ನೆಲಕ್ಕಿಟ್ಟೆ.

"ಅಣ್ಣಾ, ಅವತ್ತ ಒದರಿದಾಕಿ ನಾ ಅಲ್ಲ."

ಎಲ್ಲ ಹೇಳಿದೆ. ಹಳದಿ ಸೀರೆ, ನಾಚಿಕೆ, ಎಲ್ಲ. ಅವನು ಮಣೆಯಿಂದ ಎದ್ದ. ತೊಳೆದಿಟ್ಟಿದ್ದ ಬಕೀಟನ್ನು ತೆಗೆದುಕೊಂಡು ಮತ್ತೆ ತೊಳೆದ. ನನ್ನ ಕಡೆ ನೋಡಲಿಲ್ಲ. ನಾನು ಕ್ಷಮಿಸು ಅನ್ನಲಿಲ್ಲ. ಅಂದರೆ ಅವನು ಆಯ್ತು ಬಿಡು ಅಂದುಬಿಡುತ್ತಾನೆಂದು ಗೊತ್ತಿತ್ತು, ಅದು ಅವನ ಸ್ವಭಾವ.

ಕೊನೆಗೆ ಕೇಳಿದ, "ಅಕೀಗೆ ನನ್ನ ವಿಷಯ ಗೊತ್ತಿತ್ತೇನ?"

"ಯಾರಿಗೆ?"

"ಹಳದಿ ಸೀರಿಯಾಕಿಗೆ. ಯಾರರ ಹೇಳಿದ್ರೇನ ಅಕೀಗೆ?"

"ಇಲ್ಲ. ಪರಊರಾಕಿ."

"ಯಾರೂ ಹೇಳದಽ ಅಣ್ಣಾ ಅಂದಳ?" ಬಕೀಟು ಕೆಳಗಿಟ್ಟ. "ಸಾಯೂ ಹೊತ್ತಿನ್ಯಾಗ, ವಿಚಾರ ಮಾಡಾಕ ಪುರಸೊತ್ತಿಲ್ಲದಾಗ, ನನ್ನ ನೋಡಿದ ಕೂಡ್ಲೆ ಅಣ್ಣಾ ಅಂತ ಬಂತು ಅಕೀ ಬಾಯಾಗ?"

ಅವನ ಮುಖದ ಮೇಲೆ ಬಂದದ್ದನ್ನು ಹೇಗೆ ಬರೆಯಲಿ. ಮೂರು ವರ್ಷ ನಾನು ಅವನಿಂದ ಮುಚ್ಚಿಟ್ಟದ್ದು ನನ್ನ ತಪ್ಪನ್ನಷ್ಟೇ ಎಂದುಕೊಂಡಿದ್ದೆ. ಅವನಿಗೆ ಸೇರಬೇಕಾದ ದೊಡ್ಡ ಖುಷಿಯೊಂದನ್ನು ಮುಚ್ಚಿಟ್ಟಿದ್ದೆ.

"ಹೆಂಗ ಅಂದ್ಲು? ಅಂದು ತೋರ್ಸು" ಅಂದ, ಬೆನ್ನು ತಿರುಗಿಸಿ ಕರುವಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತ.

"ಇಲ್ಲೆ? ಆಯಿ ಅದಾರ."

"ಅಽ, ಮತ್ತ ನಾಚಿಕಿ."

ನಾನು ಉಸಿರು ಎಳೆದುಕೊಂಡು ಕೂಗಿದೆ. ಹಿತ್ತಲೆಲ್ಲ ಕೇಳುವ ಹಾಗೆ, ಹಂಚಿನ ಕಾರ್ಖಾನೆಯ ಗೋಡೆಗೆ ತಾಗಿ ಮರಳುವ ಹಾಗೆ — ಅಣ್ಣಾ, ಹಿಂದ ನೋಡು. ಆಯಿ ಲಟ್ಟಣಿಗೆ ಹಿಡಿದೇ ಓಡಿಬಂದರು. ಕರು ಬೆದರಿ ಗಂಗಿಯ ಹೊಟ್ಟೆಯ ಕೆಳಗೆ ಹೊಕ್ಕಿತು. ಆಟವೆಂದು ಗೊತ್ತಿದ್ದೂ ಅಣ್ಣ ತಟ್ಟನೆ ತಿರುಗಿದ. ಹಿಂದೆ ನಾನಿದ್ದೆ.

"ಅಕೀದು ಇದಕಿಂತ ಜೋರಿತ್ತು" ಅಂದ.

"ಹೌದು" ಅಂದೆ.

ಕವಡೆಗಳನ್ನು ತಟ್ಟೆಯಲ್ಲಿಟ್ಟೆ. ಅವನು ಅವನ್ನು ದಾರಕ್ಕೆ ಪೋಣಿಸಿ ಕರುವಿನ ಕೊರಳಿಗೆ ಕಟ್ಟಿದ. ಆಮೇಲೆ ಮಣೆಯ ಮೇಲೆ ಕುಳಿತು, "ಮಾಡು ಲಗೂನ, ಎಣ್ಣಿ ತೀರಾಕತ್ತೈತಿ" ಅಂದ. ಆರತಿ ಮಾಡಿದೆ. ಗಿಣ್ಣ ತಿನ್ನಿಸಿದ. ಎಷ್ಟೋ ದಿನಗಳ ಮೇಲೆ ನನಗೆ ತಿಂದದ್ದರ ರುಚಿ ಗೊತ್ತಾಯಿತು.

ಹೊರಡುವಾಗ ಅಂದ, "ಅಪ್ಪಗ ನೀನಽ ಹೇಳು." ಹೇಳುತ್ತೇನೆ. ಈ ಬರಹ ಅಚ್ಚಾಗುವ ಮೊ‌ದಲೇ ಹೇಳುತ್ತೇನೆ. "ಮತ್ತ ಬರೂ ಪಾಡ್ಯಕ್ಕ ಕಟ್ಟಿ ಮ್ಯಾಲೆ ನಿಂದ್ರಬ್ಯಾಡ. ಸಂದಿ ಬಾಯಿಗೆ ನಿಂದ್ರು."

ನಿಲ್ಲುತ್ತೇನೆ. ಮೂರು ವರ್ಷದ ಹಿಂದೆ ಕೂಗಬೇಕಿತ್ತು, ಕೂಗಲಿಲ್ಲ. ಅದು ಇನ್ನು ಬದಲಾಗುವುದಿಲ್ಲ. ಆ ಹಳದಿ ಸೀರೆಯ ತಾಯಿ ಇದನ್ನು ಓದುತ್ತಾಳೋ ಇಲ್ಲವೋ. ಓದಿದರೆ, ಆ ಕೂಗು ನಿನ್ನದವ್ವಾ. ಅವನಿಗೆ ಹೇಳಿದ್ದೇನೆ.